ದೇವಾಪುರದ ದಾರಿಯಲ್ಲಿ ಸಾಲದ ಲೆಕ್ಕ

ಯಾದಗಿರಿ ರೈಲು ನಿಲ್ದಾಣದಲ್ಲಿ ಇಳಿದು ಸುರಪುರದ ಬಸ್ಸು ಹತ್ತಿದರೆ ಮೊದಲು ನಿಮಗೆ ಭೀಮಾ ನದಿ ಸಿಗುತ್ತದೆ. ಮುಂದೆ ಶಹಾಪುರದ ಬಳಿ ಕಿಟಕಿಯಿಂದ ಬೆಟ್ಟದ ಕಡೆ ನೋಡಿ. ಹಣೆ, ಮೂಗು, ಗಲ್ಲ, ಎದೆ ಎಲ್ಲವೂ ಮೂಡಿದಂತೆ ಬೆಟ್ಟವೇ ಅಂಗಾತ ಮಲಗಿರುವುದು ಕಾಣಿಸುತ್ತದೆ. ಊರವರು ಅದನ್ನು ಮಲಗಿದ ಬುದ್ಧ ಎನ್ನುತ್ತಾರೆ. ಸಮಯವಿದ್ದರೆ ಇದೇ ತಾಲೂಕಿನ ಗೋಗಿಗೂ ಹೋಗಿ ಬನ್ನಿ. ವಿಜಾಪುರವನ್ನಾಳಿದ ಆದಿಲ್ ಶಾಹಿ ಮನೆತನದ ಮೊದಲ ಸುಲ್ತಾನರು ಅಲ್ಲಿ ಮಣ್ಣಾಗಿದ್ದಾರೆ. ಭೀಮರಾಯನಗುಡಿ ದಾಟಿದ ಮೇಲೆ ಕಾಲುವೆಗಳು, ಹತ್ತಿ ಹೊಲಗಳು, ಭತ್ತದ ಗದ್ದೆಗಳು. ಬೆಟ್ಟಗಳ ಮಧ್ಯೆ ಸುರಪುರ. ಅಲ್ಲಿಂದ ಕೃಷ್ಣಾ ನದಿಯ ದಿಕ್ಕಿಗೆ ಹೊರಟರೆ ದೇವಾಪುರ.

ದೇವಾಪುರದಲ್ಲಿ ನೋಡಲು ಏನಿದೆ ಎಂದು ನೀವು ಕೇಳಬಹುದು. ಪ್ರವಾಸಿಗರ ಪಟ್ಟಿಯಲ್ಲಿ ಇದರ ಹೆಸರಿಲ್ಲ. ಆದರೆ ಸಾಲ ಎಂಬುದು ಮನುಷ್ಯನನ್ನು, ಮನೆಯನ್ನು, ರಾಜ್ಯವನ್ನು ಏನು ಮಾಡುತ್ತದೆ ಎಂದು ತಿಳಿಯಬೇಕಾದರೆ ಈ ದಾರಿಗಿಂತ ಒಳ್ಳೆಯ ಪಾಠಶಾಲೆ ಸಿಗುವುದು ಕಷ್ಟ.

ಈ ಭಾಗದ ಯಾವ ಹಳ್ಳಿಯ ಕಿರಾಣಿ ಅಂಗಡಿಗೆ ಹೋದರೂ ಗಲ್ಲಾಪೆಟ್ಟಿಗೆಯ ಪಕ್ಕ ಒಂದು ಉದ್ರಿ ಪುಸ್ತಕ ಇರುತ್ತದೆ. ಎಣ್ಣೆ, ಸಕ್ಕರೆ, ಚಹಾಪುಡಿ ಎಲ್ಲವೂ ಅದರಲ್ಲಿ ಏರುತ್ತವೆ. ಬೀಜ, ಗೊಬ್ಬರ, ಔಷಧಿಯ ಅಂಗಡಿಯಲ್ಲಿ ಇನ್ನೊಂದು ಪುಸ್ತಕ. ಬೆಳೆ ಬಂದ ಮೇಲೆ ಹತ್ತಿ, ತೊಗರಿ, ಮೆಣಸಿನಕಾಯಿ ಕೊಳ್ಳುವ ದಲಾಲಿಯ ಅಂಗಡಿಯಲ್ಲಿ ಮತ್ತೊಂದು. ಮಳೆ ಕೈಕೊಟ್ಟ ವರ್ಷ ಅಥವಾ ದರ ಬಿದ್ದ ವರ್ಷ ಈ ಪುಸ್ತಕಗಳು ತೀರುವುದಿಲ್ಲ. ಆಗ ಮನೆಗೆ ಬೀಗ ಬೀಳುತ್ತದೆ, ಕುಟುಂಬ ಗುಳೆ ಹೊರಡುತ್ತದೆ. ಬೆಂಗಳೂರು, ಪುಣೆ, ಮುಂಬೈಯ ಕಟ್ಟಡ ಕೆಲಸಗಳಲ್ಲಿ ಯಾದಗಿರಿ ಜಿಲ್ಲೆಯ ಜನ ಸಿಗುವುದು ಇದರಿಂದಲೇ.

ಈ ಎಲ್ಲ ಪುಸ್ತಕಗಳಲ್ಲಿ ಒಂದು ಸಾಮಾನ್ಯ ಸಂಗತಿಯಿದೆ. ಬರೆಯುವವನು ಸಾಲ ಕೊಟ್ಟವನು. ಸಾಲ ಪಡೆದವನು ಅದನ್ನು ಓದುವುದೇ ಅಪರೂಪ.

ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘ ವಚನ ಯಾವುದರ ಬಗ್ಗೆ ಎಂದು ನಿಮಗೆ ಗೊತ್ತಿರಬಹುದು. ಅದು ಸಾಲದ ಬರವಣಿಗೆಯ ಬಗ್ಗೆ ಇದೆ. ಅಲ್ ಬಕರ ಅಧ್ಯಾಯದ 282ನೇ ವಚನ. ಅವಧಿ ಗೊತ್ತುಮಾಡಿ ಸಾಲದ ವ್ಯವಹಾರ ನಡೆಸುವಾಗ ಅದನ್ನು ಬರೆದಿಡಬೇಕು, ಬರೆಯುವವನು ನ್ಯಾಯವಾಗಿ ಬರೆಯಬೇಕು, ಸಾಕ್ಷಿಗಳಿರಬೇಕು, ಮೊತ್ತ ಚಿಕ್ಕದೆಂದು ಬರೆಯಲು ಬೇಸರಪಡಬಾರದು ಎಂದು ಅದು ಕಲಿಸುತ್ತದೆ. ಅದರಲ್ಲಿ ನಾವು ಗಮನಿಸದೆ ದಾಟಿಹೋಗುವ ಒಂದು ಮಾತಿದೆ. ಪತ್ರದ ಒಕ್ಕಣೆಯನ್ನು ಹೇಳಿ ಬರೆಸಬೇಕಾದವನು ಸಾಲ ಕೊಟ್ಟವನಲ್ಲ, ಸಾಲ ಪಡೆದವನು. ಯಾರ ತಲೆಯ ಮೇಲೆ ಭಾರವಿದೆಯೋ ಅವನ ಬಾಯಿಂದಲೇ ಲೆಕ್ಕ ಬರಬೇಕು. ಅವನು ಅಶಕ್ತನಾಗಿದ್ದರೆ ಅವನ ಪರವಾಗಿ ಅವನ ಪೋಷಕ ನ್ಯಾಯವಾಗಿ ಹೇಳಿ ಬರೆಸಬೇಕು.

ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಸುರಪುರದ ಚರಿತ್ರೆಯನ್ನು ಓದೋಣ.

ಸಂಸ್ಥಾನದ ತಲೆಯ ಮೇಲಿನ ಸಾಲ

ಸುರಪುರ ನಾಯಕ ಅರಸರ ಸಂಸ್ಥಾನವಾಗಿತ್ತು. 1705ರಲ್ಲಿ ಮುಪ್ಪಿನ ವಯಸ್ಸಿನ ಔರಂಗಜೇಬನೇ ಬಂದು ಮುತ್ತಿಗೆ ಹಾಕಿದ ವಾಗಿನಗೇರಾ ಕೋಟೆ ಇವರದೇ. ಅಂಥ ಶೂರರ ಸಂಸ್ಥಾನವನ್ನು ಮುಂದಿನ ಶತಮಾನದಲ್ಲಿ ಹಣ್ಣುಮಾಡಿದ್ದು ನಜರಾನೆಯ ಬಾಕಿ. ರಾಜಾ ಕೃಷ್ಣಪ್ಪ ನಾಯಕ ಪಟ್ಟಕ್ಕೆ ಬಂದಾಗ ಅದಕ್ಕೆ ಒಪ್ಪಿಗೆ ಕೊಡಲು ಹೈದರಾಬಾದ್ ದರಬಾರು 15 ಲಕ್ಷ ರೂಪಾಯಿ ನಜರಾನೆ ಕೇಳಿತು. ಆ ಕಾಲಕ್ಕೆ ಅದು ಚಿಕ್ಕ ಸಂಸ್ಥಾನವೊಂದು ಎತ್ತಲಾಗದ ಹೊರೆ. ಬಾಕಿ ಉಳಿಯಿತು, ಸಾಹುಕಾರರ ಸಾಲ ಸೇರಿತು. 1841ರಲ್ಲಿ ರಾಜ ತೀರಿಕೊಂಡಾಗ ಉತ್ತರಾಧಿಕಾರಿ ವೆಂಕಟಪ್ಪ ನಾಯಕ ಇನ್ನೂ ಮಗು. ಆಡಳಿತ ನೋಡಿಕೊಳ್ಳಲು ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ ಬಂದರು. 1853ರವರೆಗೆ ಅವರು ಇಲ್ಲಿದ್ದರು. ಸುರಪುರದ ಬೆಟ್ಟದ ಮೇಲೆ ಅವರು ಕಟ್ಟಿಸಿದ ಬಂಗಲೆಯನ್ನು ಜನ ಟೇಲರ್ ಮಂಜಿಲ್ ಎಂದು ಕರೆಯುತ್ತಾರೆ. ಅದನ್ನು ನೀವು ನೋಡಲೇಬೇಕು.

ಟೇಲರ್ ಒಳ್ಳೆಯ ಆಡಳಿತಗಾರರಾಗಿದ್ದರು. ಕೆರೆಗಳಿಗೆ ಗಮನ ಕೊಟ್ಟರು. ಇಂದು ಪಕ್ಷಿಧಾಮವಾಗಿರುವ ಬೋನಾಳ ಕೆರೆಗೂ ಅವರ ಹೆಸರು ತಗಲಿಕೊಂಡಿದೆ. ಆದರೆ ಬಾಲರಾಜನ ತಾಯಿ ರಾಣಿ ಈಶ್ವರಮ್ಮನಿಗೂ ಅವರಿಗೂ ಅಧಿಕಾರ ಮತ್ತು ಹಣದ ವಿಷಯದಲ್ಲಿ ವರ್ಷಗಟ್ಟಲೆ ಜಗ್ಗಾಟ ನಡೆಯಿತು. ಅವರ ಆತ್ಮಕಥೆ ಓದಿದರೆ ರಾಣಿಯ ಮೇಲೆ ಅನೇಕ ದೂರುಗಳು ಸಿಗುತ್ತವೆ. ರಾಣಿ ತನ್ನ ಕಥೆಯನ್ನು ಬರೆದಿಡಲಿಲ್ಲ. ಲೆಕ್ಕ ಬರೆದವರ ಮಾತು ಮಾತ್ರ ನಮ್ಮ ಕೈಗೆ ಬಂದಿದೆ ಎಂಬುದನ್ನು ಮರೆಯಬಾರದು. ವೆಂಕಟಪ್ಪ ನಾಯಕ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು ನಿಂತರು. ಸೆರೆಯಾಗಿ ಮದ್ರಾಸ್ ಕಡೆಗೆ ಸಾಗಿಸುತ್ತಿದ್ದಾಗ ದಾರಿಯಲ್ಲೇ ಗುಂಡು ತಗಲಿ ಪ್ರಾಣಬಿಟ್ಟರು.

ಸುರಪುರದಿಂದ ನಜರಾನೆ ಕೇಳಿದ ಹೈದರಾಬಾದ್ ತಾನಾದರೂ ಸಾಲದಿಂದ ಮುಕ್ತವಾಗಿತ್ತೇ? ಇಲ್ಲ. 1814ರಲ್ಲಿ ಅಲ್ಲಿ ಪಾಮರ್ ಆಂಡ್ ಕಂಪೆನಿ ಎಂಬ ಸಾಹುಕಾರಿ ಸಂಸ್ಥೆ ಆರಂಭವಾಯಿತು. ನಿಜಾಮ ಸರಕಾರಕ್ಕೆ ಭಾರೀ ಬಡ್ಡಿಯಲ್ಲಿ ಅದು ಸಾಲ ಕೊಟ್ಟಿತು. 1820ರ 60 ಲಕ್ಷ ರೂಪಾಯಿಯ ಸಾಲವನ್ನು ರೆಸಿಡೆಂಟ್ ಚಾರ್ಲ್ಸ್ ಮೆಟ್ಕಾಫ್ ಕೆದಕಿ ನೋಡಿದಾಗ ಅದರಲ್ಲಿ 8 ಲಕ್ಷ ಸಾಲ ಕೊಟ್ಟವರೇ ಇಟ್ಟುಕೊಂಡ ಇನಾಮು ಎಂದು ಬಯಲಾಯಿತು. ಅಂದರೆ ಕೈಗೆ ಬಂದದ್ದು 52, ಕಾಗದದಲ್ಲಿದ್ದದ್ದು 60. ಕಡೆಗೆ ಈ ಸಾಲ ತೀರಿಸಲು ನಿಜಾಮರು ಕರಾವಳಿಯ ಉತ್ತರ ಸರ್ಕಾರ್ ಜಿಲ್ಲೆಗಳಿಂದ ಪ್ರತಿ ವರ್ಷ ಬರುತ್ತಿದ್ದ ಪೇಷ್ಕಷನ್ನು ಶಾಶ್ವತವಾಗಿ ಬಿಟ್ಟುಕೊಡಬೇಕಾಯಿತು.

ನದಿಯ ಆ ದಂಡೆ, ಈ ದಂಡೆ

ದೇವಾಪುರದಿಂದ ಮುಂದೆ ತಿಂಥಣಿಯ ಸೇತುವೆಯ ಮೇಲೆ ಒಂದು ಕ್ಷಣ ನಿಂತುಕೊಳ್ಳಿ. ಕೆಳಗೆ ಕೃಷ್ಣೆ ಹರಿಯುತ್ತಾಳೆ. ಈ ದಂಡೆ ಸುರಪುರ ಸೀಮೆ. ಆ ದಂಡೆಯಿಂದ ರಾಯಚೂರು ದೋ ಆಬ್, ಅಂದರೆ ಕೃಷ್ಣೆ ತುಂಗಭದ್ರೆಯರ ನಡುವಿನ ನಾಡು.

ಹೈದರಾಬಾದಿನಲ್ಲಿ ಬ್ರಿಟಿಷ್ ಅಧಿಕಾರಿಗಳ ಕೈಕೆಳಗೆ ಒಂದು ಸೈನ್ಯವಿತ್ತು. ಅದರ ಸಂಬಳ ನಿಜಾಮರದು, ಹುಕುಂ ಬ್ರಿಟಿಷರದು. ಸಂಬಳ ಬಾಕಿಯಾದಾಗಲೆಲ್ಲ ಬ್ರಿಟಿಷರು ಹಣ ಕೊಟ್ಟು ಅದನ್ನು ನಿಜಾಮರ ಹೆಸರಿಗೆ ಸಾಲವೆಂದು ಬರೆದುಕೊಂಡರು. ಎಷ್ಟು ಸೈನ್ಯ ಬೇಕು, ಎಷ್ಟು ಖರ್ಚಾಯಿತು ಎಂಬುದನ್ನು ಹೇಳುವವರೂ ಅವರೇ. 1853ರಲ್ಲಿ ಒಪ್ಪಂದವಾಯಿತು. ಸಾಲಕ್ಕೂ ಸೈನ್ಯದ ಮುಂದಿನ ಖರ್ಚಿಗೂ ಆಧಾರವಾಗಿ ಬೇರಾರ್, ಧಾರಾಶಿವ ಮತ್ತು ರಾಯಚೂರು ದೋ ಆಬ್ ಬ್ರಿಟಿಷರ ವಶಕ್ಕೆ ಹೋದವು. ಆ ದಂಡೆಯ ಹೊಲ, ಊರು, ಬಾವಿ, ಬದುಕು ಎಲ್ಲವೂ ಅಡವಿಗೆ ಬಿದ್ದಂತಾಯಿತು. ಅಲ್ಲಿನ ರೈತರನ್ನು ಯಾರೂ ಕೇಳಿರಲಿಲ್ಲ.

1857ರ ಬಂಡಾಯದಲ್ಲಿ ಹೈದರಾಬಾದ್ ದರಬಾರು ಬ್ರಿಟಿಷರ ಪಕ್ಷದಲ್ಲಿ ನಿಂತಿತು. 1860ರಲ್ಲಿ ಹೊಸ ಒಪ್ಪಂದವಾಗಿ 50 ಲಕ್ಷ ರೂಪಾಯಿ ಸಾಲ ಮನ್ನಾ ಆಯಿತು. ರಾಯಚೂರು ಮತ್ತು ಧಾರಾಶಿವ ವಾಪಸು ಬಂದವು. ಬಂಡಾಯವೆದ್ದ ಸುರಪುರವೂ ನಿಜಾಮರಿಗೆ ಸೇರಿತು. ಬೇರಾರ್ ಮಾತ್ರ ಹಿಂದಿರುಗಲಿಲ್ಲ. ಹೀಗೆ ಏಳು ವರ್ಷದೊಳಗೆ ಆ ದಂಡೆ ಸಾಲಕ್ಕೆ ಹೋಗಿ ಬಂತು, ಈ ದಂಡೆ ಅದೇ ಲೆಕ್ಕ ಮುಗಿಸುವ ಕಾಗದದಲ್ಲಿ ಕೈ ಬದಲಾಯಿತು.

ಏಷ್ಯಾದ ಮನೆಗಳಲ್ಲಿ

ಇದು ನಮ್ಮ ಸೀಮೆಯ ಕಥೆ ಮಾತ್ರವಲ್ಲ. ಉಸ್ಮಾನಿಯಾ ಸಾಮ್ರಾಜ್ಯ 1854ರಲ್ಲಿ ಯುದ್ಧದ ಖರ್ಚಿಗೆಂದು ಮೊದಲ ಸಲ ಯುರೋಪಿನಿಂದ ಸಾಲ ತಂದಿತು. ಇಪ್ಪತ್ತು ವರ್ಷ ಕಳೆಯುವುದರಲ್ಲಿ ಕಂತು ಕಟ್ಟಲಾಗದ ಸ್ಥಿತಿ ಬಂತು. 1881ರಲ್ಲಿ ಸಾಲ ಕೊಟ್ಟವರ ಪ್ರತಿನಿಧಿಗಳು ಇಸ್ತಾಂಬುಲಿನಲ್ಲೇ ಕಚೇರಿ ತೆರೆದು ಉಪ್ಪು, ತಂಬಾಕು, ರೇಷ್ಮೆಯ ತೆರಿಗೆಗಳನ್ನು ತಾವೇ ವಸೂಲಿ ಮಾಡತೊಡಗಿದರು. ಸುಲ್ತಾನರ ನಾಡಿನಲ್ಲಿ ಉಪ್ಪಿನ ತೆರಿಗೆಯೂ ಸುಲ್ತಾನರದಾಗಿ ಉಳಿಯಲಿಲ್ಲ. ಪಕ್ಕದ ಈಜಿಪ್ಟ್ 1875ರಲ್ಲಿ ಸುಯೆಜ್ ಕಾಲುವೆಯ ತನ್ನ ಪಾಲನ್ನು ಮಾರಿತು, ಮರುವರ್ಷ ಸಾಲ ಕಟ್ಟಲಾಗದೆ ಕೈಚೆಲ್ಲಿತು, 1882ರಲ್ಲಿ ಬ್ರಿಟಿಷ್ ಸೈನ್ಯ ಬಂದಿಳಿಯಿತು.

1997ರಲ್ಲಿ ಇನ್ನೊಂದು ಬಿರುಗಾಳಿ. ಥಾಯ್ಲೆಂಡ್, ಇಂಡೋನೇಷ್ಯಾ, ದಕ್ಷಿಣ ಕೊರಿಯಾದ ಕಂಪೆನಿಗಳು, ಬ್ಯಾಂಕುಗಳು ಡಾಲರಿನಲ್ಲಿ ಅಲ್ಪಾವಧಿಯ ಸಾಲ ತಂದು ದೀರ್ಘಾವಧಿಯ ಕೆಲಸಗಳಿಗೆ ಸುರಿದಿದ್ದವು. ಜುಲೈ 2ರಂದು ಥಾಯ್ಲೆಂಡಿನ ನಾಣ್ಯ ಬಾತ್ ಕುಸಿಯಿತು. ಸಾಲ ಕೊಟ್ಟವರೆಲ್ಲ ಒಮ್ಮೆಲೇ ಹಣ ವಾಪಸು ಕೇಳಿದರು. ಇಂಡೋನೇಷ್ಯಾದಲ್ಲಿ ಒಂದು ಡಾಲರಿಗೆ ಸುಮಾರು 2,400 ರುಪಯ್ಯ ಇದ್ದದ್ದು 1998ರ ಮಧ್ಯದಲ್ಲಿ 15 ಸಾವಿರ ದಾಟಿತು. ಅಂದರೆ ಒಂದು ಪೈಸೆ ಹೊಸ ಸಾಲ ಮಾಡದಿದ್ದರೂ ಸಾಲ ಆರು ಪಟ್ಟು ಬೆಳೆಯಿತು. ಅದರ ಬಿಸಿ ತಟ್ಟಿದ್ದು ಅಡುಗೆ ಮನೆಗೆ. ಅಕ್ಕಿ, ಎಣ್ಣೆ, ಮಗುವಿನ ಹಾಲು ಎಲ್ಲವೂ ತುಟ್ಟಿಯಾದವು. ಮಲೇಷ್ಯಾ ಮಾತ್ರ ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಸಾಲ ಪಡೆಯದೆ, 1998ರ ಸೆಪ್ಟೆಂಬರಿನಲ್ಲಿ ಹಣ ಹೊರಹೋಗುವುದಕ್ಕೆ ಕಡಿವಾಣ ಹಾಕಿ ಬೇರೆ ದಾರಿ ಹಿಡಿಯಿತು.

ಕೊರಿಯಾದ ಹೆಂಗಸರು ಏನು ಮಾಡಿದರು ಗೊತ್ತೇ? 1998ರ ಆರಂಭದಲ್ಲಿ ದೇಶದ ಸಾಲ ತೀರಿಸಲೆಂದು ಮದುವೆಯ ಉಂಗುರ, ಮಕ್ಕಳ ಹುಟ್ಟುಹಬ್ಬದ ಉಂಗುರಗಳನ್ನು ಹಿಡಿದು ಸಾಲಿನಲ್ಲಿ ನಿಂತರು. ಸುಮಾರು 35 ಲಕ್ಷ ಜನರಿಂದ 227 ಟನ್ ಚಿನ್ನ ಕೂಡಿತು. ಸಾಲ ಮಾಡಿದ್ದು ದೊಡ್ಡ ಕಂಪೆನಿಗಳು, ಉಂಗುರ ಬಿಚ್ಚಿದ್ದು ಮನೆಯ ಹೆಂಗಸರು. ನಮ್ಮ ದೇಶವೂ 1991ರಲ್ಲಿ ವಿದೇಶಿ ವಿನಿಮಯ ಬರಿದಾಗಿ 47 ಟನ್ನಿನಷ್ಟು ಚಿನ್ನವನ್ನು ವಿದೇಶಿ ಬ್ಯಾಂಕುಗಳಲ್ಲಿ ಅಡವಿಟ್ಟಿತ್ತು. ನೆರೆಯ ಶ್ರೀಲಂಕಾ 2022ರ ಏಪ್ರಿಲ್‌ನಲ್ಲಿ ವಿದೇಶಿ ಸಾಲದ ಕಂತು ಕಟ್ಟಲಾಗದು ಎಂದು ಘೋಷಿಸಿದಾಗ ಅಲ್ಲಿನ ತಾಯಂದಿರು ಗ್ಯಾಸ್ ಸಿಲಿಂಡರಿಗಾಗಿ ರಾತ್ರಿಯೆಲ್ಲ ಕಾದರು.

ವಾರದ ಕಂತು

ಸಹೋದರಿಯರೇ, ರಾಜರ ನಜರಾನೆಯ ಕಾಲ ಮುಗಿಯಿತು. ಈಗ ಸಾಲದ ಕಾಗದಕ್ಕೆ ಸಹಿ ಮಾಡುತ್ತಿರುವವರು ನೀವು. ಕಿರು ಹಣಕಾಸು ಸಂಸ್ಥೆಗಳ ಗುಂಪು ಸಾಲ ಬಹುಪಾಲು ಹೆಂಗಸರ ಹೆಸರಿನಲ್ಲೇ ಇರುತ್ತದೆ. 1976ರಲ್ಲಿ ಬಾಂಗ್ಲಾದೇಶದ ಜೋಬ್ರಾ ಎಂಬ ಹಳ್ಳಿಯಲ್ಲಿ ಮುಹಮ್ಮದ್ ಯೂನುಸ್ ಸಾಹುಕಾರರ ಹಿಡಿತದಿಂದ ಬಡವರನ್ನು ಬಿಡಿಸಲೆಂದು ಆರಂಭಿಸಿದ ಕೆಲಸ ಅದರ ಮೂಲ. ಉದ್ದೇಶ ಒಳ್ಳೆಯದಿತ್ತು. ಆದರೆ ಲಾಭಕ್ಕಾಗಿ ಬಂದವರು ಅದೇ ದಾರಿಯಲ್ಲಿ ಹಳ್ಳಿ ಹಳ್ಳಿಗೆ ಬಂದರು. ಒಂದು ಮನೆಗೆ ಮೂರು ನಾಲ್ಕು ಸಾಲ. ಒಂದರ ಕಂತು ಕಟ್ಟಲು ಇನ್ನೊಂದು.

ನಮ್ಮ ರಾಜ್ಯದಲ್ಲೇ 2009ರಲ್ಲಿ ಕೋಲಾರ, ಶಿಡ್ಲಘಟ್ಟ, ರಾಮನಗರ, ಮೈಸೂರಿನ ಮುಸ್ಲಿಮ್ ಮೊಹಲ್ಲಾಗಳಲ್ಲಿ ಇದು ಸ್ಫೋಟಗೊಂಡಿತು. ರೇಷ್ಮೆ ಕೆಲಸ ಕುಸಿದು ಕಂತು ನಿಂತಿತು. ಕೋಲಾರದ ಅಂಜುಮನ್ ಸಾಲ ಕಟ್ಟಬೇಡಿ ಎಂದು ಹೇಳಿತು. ಕಿರುಕುಳದಿಂದ ನೊಂದ ಹೆಂಗಸರಿಗೆ ಅದು ಒಂದಿಷ್ಟು ಉಸಿರು ಕೊಟ್ಟಿತು. ಆದರೆ ಬಡ್ಡಿ ನಿಷಿದ್ಧವೆಂದ ಮಾತ್ರಕ್ಕೆ ಪಡೆದ ಅಸಲು ಋಣವಲ್ಲದೆ ಹೋಗುತ್ತದೆಯೇ? ಅಲ್ಲದೆ, ಸಾಲ ನಿಂತ ಮನೆಗೆ ಮರುದಿನ ಬಂಡವಾಳ ಎಲ್ಲಿಂದ ಬರಬೇಕು? ಈ ಎರಡು ಪ್ರಶ್ನೆಗಳಿಗೆ ನಮ್ಮ ಜಮಾಅತ್‌ಗಳಲ್ಲಿ ಉತ್ತರ ಸಿದ್ಧವಿರಲಿಲ್ಲ. ಮರುವರ್ಷ ಆಂಧ್ರಪ್ರದೇಶದಲ್ಲಿ ಇನ್ನೂ ದೊಡ್ಡ ಕುಸಿತವಾಯಿತು, ಅಲ್ಲಿನ ಸರಕಾರ ಸುಗ್ರೀವಾಜ್ಞೆ ತಂದಿತು. 2025ರ ಆರಂಭದಲ್ಲಿ ಕರ್ನಾಟಕದ ಹಲವು ಜಿಲ್ಲೆಗಳಿಂದ ಜನ ಕಿರುಕುಳ ತಾಳದೆ ಊರು ಬಿಟ್ಟ ಸುದ್ದಿ ಬಂದಾಗ ಇಲ್ಲೂ ಸುಗ್ರೀವಾಜ್ಞೆ ಬಂತು, ನಂತರ ಕಾಯ್ದೆಯಾಯಿತು. ಕಾಯ್ದೆಯನ್ನು ಮೀರಿ ಬಲವಂತದ ವಸೂಲಿ ಮಾಡಿದವರಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿಯವರೆಗೆ ದಂಡ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತ ಸಂಸ್ಥೆಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. ಆದರೆ ಅವುಗಳಿಗೆ ರಿಸರ್ವ್ ಬ್ಯಾಂಕಿನ ನಿಯಮಗಳಿವೆ. ಎಲ್ಲ ಸಾಲಗಳ ಕಂತು ಸೇರಿ ಕುಟುಂಬದ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ಕಿರುಸಾಲಕ್ಕೆ ಅಡವು ಕೇಳಬಾರದು. ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ವಸೂಲಿಗೆ ಫೋನ್ ಮಾಡಬಾರದು. ಸಾಲದ ಕಾರ್ಡು ಸಾಲಗಾರಳಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು.

ಕಡೆಯ ನಿಯಮವನ್ನು ಇನ್ನೊಮ್ಮೆ ಓದಿ. ಸಾಲ ಪಡೆದವರಿಗೆ ಲೆಕ್ಕ ಅರ್ಥವಾಗಬೇಕು ಎಂಬುದನ್ನು ಕುರ್‌ಆನ್ ಹದಿನಾಲ್ಕು ಶತಮಾನಗಳ ಹಿಂದೆಯೇ ಕಲಿಸಿತ್ತು.

ಲೆಕ್ಕ ನಿಮ್ಮ ಬಾಯಿಂದ ಬರಲಿ

ಒಂದು ಚಿಕ್ಕ ಲೆಕ್ಕ ಮಾಡಿ. 10 ಸಾವಿರ ಸಾಲ, ವಾರಕ್ಕೆ 230ರಂತೆ 50 ಕಂತು. ಒಟ್ಟು 11,500. ನೂರಕ್ಕೆ 15 ಬಡ್ಡಿ ಅಷ್ಟೇ ಎಂದು ಹೇಳುತ್ತಾರೆ. ಆದರೆ ಇಡೀ 10 ಸಾವಿರ ನಿಮ್ಮ ಕೈಯಲ್ಲಿ ವರ್ಷವಿಡೀ ಇರುವುದಿಲ್ಲ. ವಾರವಾರವೂ ನೀವು ಅಸಲನ್ನು ಹಿಂದಿರುಗಿಸುತ್ತಾ ಬರುತ್ತೀರಿ. ಆದ್ದರಿಂದ ನಿಜವಾದ ಬಡ್ಡಿ ಹೇಳಿದ್ದಕ್ಕಿಂತ ಸುಮಾರು ದುಪ್ಪಟ್ಟು. ವಿಮೆ, ಕಾಗದಪತ್ರದ ಖರ್ಚೆಂದು ಮೊದಲೇ ಮುರಿದುಕೊಂಡರೆ ಇನ್ನೂ ಹೆಚ್ಚು. ಹೈದರಾಬಾದಿನ 60 ಲಕ್ಷದ ಸಾಲದಲ್ಲಿ ಮಾಯವಾದ 8 ಲಕ್ಷ ನೆನಪಿದೆಯಲ್ಲ?

ಮನೆಯಲ್ಲಿ ಒಂದು ನೋಟುಪುಸ್ತಕ ಇಡಿ. ಕಿರಾಣಿ ಉದ್ರಿಯಿಂದ ಹಿಡಿದು ಸಂಘದ ಸಾಲದವರೆಗೆ ಪ್ರತಿಯೊಂದನ್ನೂ ನೀವೇ ಬರೆಯಿರಿ. ಬರೆಯಲು ಬಾರದಿದ್ದರೆ ಶಾಲೆಗೆ ಹೋಗುವ ಮಗಳಿಂದ ಹೇಳಿ ಬರೆಸಿ. ಬೇರೆಯವರಿಗಾಗಿ ನಿಮ್ಮ ಹೆಸರಿನಲ್ಲಿ ಸಾಲ ಎತ್ತಬೇಡಿ. ನಾದಿನಿಯಾಗಲಿ ನೆರೆಯವಳಾಗಲಿ, ಹಣ ಅವಳು ಕೊಂಡೊಯ್ದರೂ ಕಂತಿನ ದಿನ ಬಾಗಿಲು ಬಡಿಯುವುದು ನಿಮ್ಮದೇ. ನಿಮ್ಮ ಮಹ್ರ್ ಮತ್ತು ನಿಮ್ಮ ಒಡವೆ ನಿಮ್ಮದು. ಪತಿ ಅದನ್ನು ಅಡವಿಡಲು ಸಾಲವಾಗಿ ಕೇಳಿದರೆ ಅದನ್ನೂ ಬರೆದಿಡಿ. ಅದರಲ್ಲಿ ಅಪನಂಬಿಕೆಯೇನೂ ಇಲ್ಲ, ಅಲ್ಲಾಹನು ಕಲಿಸಿದ ಶಿಸ್ತು ಅದು.

ಸಾಲ ಮಾಡುವುದೇ ಪಾಪವೆಂದು ಯಾರನ್ನೂ ಹೀಗಳೆಯಬೇಡಿ. ಪ್ರವಾದಿ(ಸ) ಇಹಲೋಕ ತ್ಯಜಿಸುವಾಗ ಅವರ ಯುದ್ಧಕವಚ ಮನೆಮಂದಿಯ ಆಹಾರದ ಜವೆಗೋಧಿಗಾಗಿ ಒಬ್ಬ ಯಹೂದಿಯ ಬಳಿ ಅಡವಿತ್ತು. ಅದೇ ಪ್ರವಾದಿ(ಸ) ಸಾಲ ಉಳಿಸಿ ಸತ್ತವನ ಜನಾಝ ನಮಾಝಿಗೆ ಮುಂದಾಗದೆ, ಅನುಚರರೊಬ್ಬರು ಅದನ್ನು ತೀರಿಸುವ ಹೊಣೆ ಹೊತ್ತ ಮೇಲಷ್ಟೇ ನಮಾಝ್ ನಿರ್ವಹಿಸಿದ ಘಟನೆಯೂ ಇದೆ. ಸಾಲಗಾರನಿಗೆ ಹೊಣೆ ಕಲಿಸಿದ ಧರ್ಮ ಸಮಾಜಕ್ಕೂ ಹೊಣೆ ಹೊರಿಸಿದೆ. ಕಷ್ಟದಲ್ಲಿರುವ ಸಾಲಗಾರನಿಗೆ ಅನುಕೂಲವಾಗುವವರೆಗೆ ಕಾಲಾವಕಾಶ ಕೊಡಬೇಕು, ಬಿಟ್ಟುಕೊಟ್ಟರೆ ಇನ್ನೂ ಒಳಿತು. ಝಕಾತ್ ಪಡೆಯಲು ಅರ್ಹರಾದ ಎಂಟು ವರ್ಗಗಳಲ್ಲಿ ಸಾಲದಲ್ಲಿ ಮುಳುಗಿದವರೂ ಒಬ್ಬರು. ರಮಝಾನಿನಲ್ಲಿ ಸೀರೆ, ಅಕ್ಕಿ ಹಂಚುವ ನಾವು ಮೊಹಲ್ಲಾದ ಒಂದು ಮನೆಯ ಸಾಲವನ್ನಾದರೂ ಪೂರ್ತಿ ತೀರಿಸಿದ್ದುಂಟೇ?

ಒಟ್ಟುಗೂಡಿ ಹಣ ಹೊಂದಿಸಿಕೊಳ್ಳುವುದು ನಮ್ಮ ನಾಡಿಗೆ ಹೊಸದಲ್ಲ. ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲೇ ರೈತರ ಸಹಕಾರಿ ಸಂಘ ಕಟ್ಟಿದರು. ಏಷ್ಯಾದಲ್ಲಿ ಅದೇ ಮೊದಲನೆಯದೆಂದು ಹೆಸರಾಗಿದೆ. ಬಡ್ಡಿ ಇಲ್ಲದೆ ಸಾಲ ಕೊಡುವ ಸಂಘಗಳು ಹಳೆಯ ಹೈದರಾಬಾದಿನಲ್ಲಿದ್ದವು. ವಿದ್ವಾಂಸ ಡಾ. ಮುಹಮ್ಮದ್ ಹಮೀದುಲ್ಲಾ ಅವುಗಳ ಬಗ್ಗೆ ಬರೆದಿದ್ದಾರೆ. ಹತ್ತು ಮನೆಯ ಹೆಂಗಸರು ಕೂಡಿ ತಿಂಗಳಿಗೆ ಇಷ್ಟೆಂದು ಹಾಕಿ, ಅಗತ್ಯವಿದ್ದವಳಿಗೆ ಕರ್ಝೆ ಹಸನ ಕೊಡುವ ಒಂದು ಪೆಟ್ಟಿಗೆ ಇಡಲು ಬ್ಯಾಂಕು ಬೇಕಿಲ್ಲ. ಆದರೆ ಬಡ್ಡಿ ಇಲ್ಲ ಎಂಬ ಒಂದೇ ಮಾತಿಗೆ ಮರುಳಾಗಬೇಡಿ. ಹಲಾಲ್ ಲಾಭದ ಹೆಸರಿನಲ್ಲಿ ಹಣ ಕೂಡಿಸಿದ ಬೆಂಗಳೂರಿನ ಐಎಂಎ 2019ರಲ್ಲಿ ಬಾಗಿಲು ಮುಚ್ಚಿದಾಗ ಸಾವಿರಾರು ಮುಸ್ಲಿಮ್ ಕುಟುಂಬಗಳ ಉಳಿತಾಯ ಸಿಕ್ಕಿಬಿತ್ತು. ಪೆಟ್ಟಿಗೆ ನಿಮ್ಮ ಮೊಹಲ್ಲಾದ್ದಾದರೂ ಅದರ ಪುಸ್ತಕ ಎಲ್ಲರ ಮುಂದೆ ತೆರೆದಿರಬೇಕು, ಪ್ರತಿ ಸಾಲಕ್ಕೂ ಇಬ್ಬರು ಸಾಕ್ಷಿಗಳಿರಬೇಕು.

ಸುರಪುರದ ಕಡೆ ಹೋದಾಗ ಟೇಲರ್ ಮಂಜಿಲ್ ನೋಡಿ, ಬೋನಾಳದ ಹಕ್ಕಿಗಳನ್ನು ನೋಡಿ, ದೇವಾಪುರದ ದಾರಿಯಲ್ಲಿ ಕೃಷ್ಣೆಯ ತನಕ ಹೋಗಿ ಬನ್ನಿ. ಆದರೆ ಅದಕ್ಕಿಂತ ಮುಂಚೆ, ಇವತ್ತೇ, ನಿಮ್ಮ ಹೆಸರಿನಲ್ಲಿರುವ ಸಾಲದ ಕಾರ್ಡನ್ನು ಹೊರತೆಗೆದು ಒಂದು ಸಲ ಪೂರ್ತಿ ಓದಿ. ಅರ್ಥವಾಗದ ಸಾಲುಗಳ ಕೆಳಗೆ ಗೆರೆ ಎಳೆಯಿರಿ. ಮುಂದಿನ ಕಂತಿನ ದಿನ ವಸೂಲಿಗೆ ಬಂದವರನ್ನು ಕೂರಿಸಿ ಆ ಸಾಲುಗಳ ಅರ್ಥ ಕೇಳಿ. ಕೇಳುವುದು ನಿಮ್ಮ ಹಕ್ಕು.